ಸ್ಕಾಟ್ಲೆಂಡಿನ ಎಡಿನ್‌ಬರಾಕ್ಕ ಓದಾಕ ಹೊಂಟೀರೇನು? ಕುಂಡ್ರೂ ಜಾಗ ಯಾವ್ದಂತ ಹೆಂಗ ಆರಿಸ್ಕೋಬೇಕು ಅಂದ್ರ

ಪ್ರತಿ ವರ್ಷ ಆಗಸ್ಟ್ ಬಂತಂದ್ರ ಸಾಕು, ವಿಜಯಪುರ, ಇಂಡಿ, ಜಮಖಂಡಿ ಕಡೆಯಿಂದ ಯಾರರ ಇಬ್ರು ಮೂವರು ಹುಡುಗ್ರು ಫೋನ್ ಮಾಡ್ತಾರ, ಅಕ್ಕಾ ನಾವೂ ಎಡಿನ್‌ಬರಾಕ್ಕ ಹೊಂಟೀವಿ, ಕುಕ್ಕರ್ ಒಯ್ಯೂದೋ ಬ್ಯಾಡೋ, ಜಾಕೆಟ್ ಇಲ್ಲೇ ತಗೊಳ್ಳೂದೋ ಅಲ್ಲಿ ಹೋಗಿ ತಗೊಳ್ಳೂದೋ, ಕಾಲೇಜ್ ನಡದಾಗ ವಾರಕ್ಕ 20 ತಾಸು ಕೆಲಸ ಮಾಡಾಕ ಬಿಡ್ತಾರಂತಲ್ಲ ಸಿಗತೈತೇನು ಅಂತ. ಗೊತ್ತಿದ್ದಷ್ಟು ಹೇಳ್ತೀನಿ (ಕುಕ್ಕರ್ ಒಯ್ರಿ, ಜಾಕೆಟ್ ಅಲ್ಲೇ ತಗೋರಿ, ಇಲ್ಲಿ ಸಿಗೂದು ಅಲ್ಲಿ ಗಾಳಿಗೆ ಸಾಲಂಗಿಲ್ಲ). ಆದ್ರ ಒಂದು ಪ್ರಶ್ನೆ ಯಾರೂ ಕೇಳಂಗಿಲ್ಲ, ನಾನೂ ಹೋಗೂಕಿಂತ ಮೊದ್ಲು ಯಾರನ್ನೂ ಕೇಳಿರ್ಲಿಲ್ಲ. ಮನಸ್ಸು ಕೆಟ್ಟ ದಿನ ರೂಮ್ ಬಿಟ್ಟು ಎಲ್ಲಿ ಹೋಗಿ ಕುಂಡ್ರೂದು?

ಊರಾಗ ಇದ್ದಾಗ ಈ ಪ್ರಶ್ನೆ ಹುಟ್ಟಂಗೇ ಇಲ್ಲ. ಗೋಳಗುಮ್ಮಟದ ಮುಂದ ಹುಲ್ಲಿನ ಮ್ಯಾಲ ಕುಂತ್ರಾತು, ಬಾರಾಕಮಾನದಾಗ ಒಂದು ಸುತ್ತು ಹಾಕಿದ್ರಾತು, ಉಪಲಿ ಬುರುಜು ಹತ್ತಿದ್ರ ಪೂರ್ತಿ ಊರು ಕಾಣ್ತೈತಿ. ಅಲ್ಲಿ ಹೋದ ಮ್ಯಾಲ ಮೊದಲ ಎರಡು ತಿಂಗಳು ನಾ ರೂಮು, ಕ್ಲಾಸು, ಲೈಬ್ರರಿ ಇಷ್ಟರಾಗೇ ತಿರುಗಿದ್ನಿ, ನವೆಂಬರ್ ಮುಗಿಯೂ ಹೊತ್ತಿಗೆ ಯಾರ ಜೋಡಿನೂ ಮಾತಾಡಾಕ ಮನಸ್ಸಾಗವಲ್ದು, ಊಟ ಸೇರವಲ್ದು, ರೂಮಿನ ಕಿಡಕಿ ಹೊರಗ ನೋಡಿದ್ರ ಬರೇ ಕತ್ತಲಿ. ಅದಕ್ಕ ಈ ವರ್ಷ ಹೋಗೂ ಹುಡುಗ್ರಿಗೆ ಇದನ್ನ ಕೂತು ಬರೀಬೇಕು ಅಂತ ಅನಿಸ್ತು.

ಎಡಿನ್‌ಬರಾದಾಗ ಇಂಥ ಜಾಗಕ್ಕ ಏನೂ ಬರ ಇಲ್ಲ, ನಾ ಹೇಳೂವು ಎಲ್ಲಾ ಒಳಗ ಹೋಗಾಕ ಫ್ರೀ, ಹಂಗಾಗಿ ರೊಕ್ಕ ನೋಡಿ ಆರಿಸೂ ಮಾತೇ ಬರಂಗಿಲ್ಲ. ನೋಡಬೇಕಾದ್ದು ಬ್ಯಾರೆ. ಒಂದು, ನೀವು ಇರೂ ಕಡೆಯಿಂದ ನಡಕೊಂಡು ಎಷ್ಟ್ ನಿಮಿಷ, ಯಾಕಂದ್ರ ಮನಸ್ಸು ಸರಿ ಇಲ್ಲದಾಗ ಎರಡು ಬಸ್ ಬದಲಿ ಮಾಡಿ ಯಾರೂ ಹೋಗಂಗಿಲ್ಲ. ಎರಡನೇದು ಬೆಳಕು. ನಮ್ಮ ವಿಜಯಪುರ 17 ಡಿಗ್ರಿ ಉತ್ತರ ಅಕ್ಷಾಂಶದ ಹತ್ರ ಐತಿ, ಎಡಿನ್‌ಬರಾ 56ರ ಹತ್ರ, ಅಲ್ಲಿ ಜೂನ್ ತಿಂಗಳದಾಗ ರಾತ್ರಿ 10ರ ತನಕ ಸೂರ್ಯ ಮುಳುಗಂಗಿಲ್ಲ, ಡಿಸೆಂಬರ್‌ನಾಗ ಮುಂಜಾನೆ 8:40ಕ್ಕ ಹುಟ್ಟಿ ಮಧ್ಯಾಹ್ನ 3:40ಕ್ಕ ಮುಳುಗೇ ಬಿಡ್ತಾನ, ಹೋಗೂ ಮೊದ್ಲು ಇದನ್ನ ಕೇಳಿದ್ರೂ ಖರೇ ಅನಸೂದಿಲ್ಲ, ಹೋದ ಮ್ಯಾಲ ಮೈಗೆ ತಟ್ಟತೈತಿ.

ಮೂರನೇದು ಮನಿಗೆ ಫೋನ್ ಮಾಡೂ ಹೊತ್ತು, ನನಗ ಇದೇ ಎಲ್ಲಾದಕ್ಕಿಂತ ದೊಡ್ಡದು. ಬ್ಯಾಸಗಿಯಾಗ ನಾವು ಅವರಕಿಂತ ನಾಲ್ಕೂವರಿ ತಾಸು ಮುಂದ ಇರ್ತೀವಿ, ಅಕ್ಟೋಬರ್ ಕಡೀ ಐತವಾರ ಅವರು ಗಡಿಯಾರ ಒಂದು ತಾಸು ಹಿಂದ ಸರಸ್ತಾರ, ಅಲ್ಲಿಂದ ಐದೂವರಿ ತಾಸು ಆಗತೈತಿ. ನಮ್ಮನ್ಯಾಗ ಅವ್ವ ರೊಟ್ಟಿ ಬಡಿದು, ಎಲ್ಲಾರಿಗೂ ಉಣ್ಣಾಕ ಹಾಕಿ, ತಾ ಉಂಡು, ಫೋನ್ ಹಿಡದು ಕುಂಡ್ರೂದ್ರಾಗ ರಾತ್ರಿ 9 ಆಗಿರ್ತಿತ್ತು. ಅಲ್ಲಿ ಆವಾಗ ಮಧ್ಯಾಹ್ನ ಮೂರೂವರಿ. ಅಂದ್ರ ಇಲ್ಲಿ ಅವ್ವನ ಕೆಲಸ ಮುಗಿಯೂದೂ ಅಲ್ಲಿ ಹೊತ್ತು ಮುಳುಗೂದೂ ಒಂದೇ ಘಳಿಗಿ, ಆ ಘಳಿಗ್ಯಾಗ ನಾ ಎಲ್ಲಿ ಕುಂತಿರ್ತೀನಿ ಅನ್ನೂದರ ಮ್ಯಾಲ ಇಡೀ ಸಂಜಿ ನಿಂತಿರ್ತಿತ್ತು.

ಈಗ ಜಾಗಗಳ ಸುದ್ದಿಗೆ ಬರೂಣು. ಯಾರನ್ನ ಕೇಳಿದ್ರೂ ಮೊದ್ಲು ಆರ್ಥರ್ಸ್ ಸೀಟ್ ಅಂತಾರ. ಊರ ಮಗ್ಗಲಕ್ಕ ಹೋಲಿರೂಡ್ ಪಾರ್ಕಿನಾಗ ಇರೂ ಗುಡ್ಡ, 251 ಮೀಟರ್ ಎತ್ತರ, ಸುಮಾರು 34 ಕೋಟಿ ವರ್ಷದ ಹಿಂದ ಬೆಂಕಿ ಉಗುಳಿ ಆರಿಹೋದ ಜ್ವಾಲಾಮುಖಿ. ನಮ್ಮ ಗುಂಪಿನಾಗ ಬಾದಾಮಿ ಕಡೆ ಹುಡುಗ ಒಬ್ಬ ಇದ್ದ, ಅವಂದು ಇದೇ ಜಾಗ. ಅಗಸ್ತ್ಯ ತೀರ್ಥದ ಮ್ಯಾಲಿನ ಬಂಡೆಗಲ್ಲು ಹತ್ತಿ ಇಳಿದು ದೊಡ್ಡಾದಂವ, ಆ ಗುಡ್ಡದ ಬಾಜೂಕ ಸಾಲ್ಸ್‌ಬರಿ ಕ್ರ್ಯಾಗ್ಸ್ ಅಂತ ಕಲ್ಲಿನ ಗ್ವಾಡಿ ಎದ್ದು ನಿಂತೈತಿ, ಅದನ್ನ ನೋಡಿದ ದಿನಾನೇ ಅವಂಗ ಊರು ಸಿಕ್ಕಂಗಾತು. 18ನೇ ಶತಮಾನದಾಗ ಇದೇ ಊರಾಗ ಹುಟ್ಟಿ ಬೆಳೆದ ಜೇಮ್ಸ್ ಹಟ್ಟನ್ ಅನ್ನಂವ ಇದೇ ಕಲ್ಲಿನಾಗ ನೋಡಿದ್ದು, ಕರಗಿದ ಕಲ್ಲು ಕೆಳಗಿಂದ ನುಗ್ಗಿ ಹಳೇ ಪದರು ಕಲ್ಲನ್ನ ಸೀಳಿ ಎಬ್ಬಿಸಿ ಅಲ್ಲೇ ಗಟ್ಟಿ ಆಗೈತಿ ಅಂತ, ಅದರಿಂದನ ಅವ ಭೂಮಿ ವಯಸ್ಸು ಮನುಷ್ಯಾರ ಲೆಕ್ಕಕ್ಕ ಸಿಗಲಾರದಷ್ಟು ದೊಡ್ಡದು ಅಂತ ವಾದ ಮಾಡಿದ. ನಮ್ಮ ಬಾದಾಮಿ ಹುಡುಗ ಇದನ್ನ ಹೇಳಿ ಮುಗಿಸಿ ಪ್ರತಿ ಸಲ ಒಂದು ಮಾತು ಕೂಡಸ್ತಿದ್ದ, ಬಾದಾಮಿ ಕಲ್ಲು ಇದಕ್ಕಿಂತ ಹಳೇದು, ಆ ಕಲ್ಲಿಗೆ ಇಟ್ಟ ನಮ್ಮ ಕಲಾದಗಿ ಹೆಸರು ಭೂವಿಜ್ಞಾನದ ಪುಸ್ತಕದಾಗ ಐತಿ ಅಂತ. ಖರೇನೇ ಐತಿ ಅದು.

ಆದ್ರೂ ದಿನಾ ಹೋಗೂ ಜಾಗ ಅಂತ ನಾ ಇದನ್ನ ಯಾರಿಗೂ ಹೇಳಂಗಿಲ್ಲ. ತುದಿ ಮುಟ್ಟಾಕ ಮುಕ್ಕಾಲು ತಾಸಿಂದ ಒಂದು ತಾಸು ಬೇಕು, ಮಳಿ ಬಂದು ಹೋದ ಮ್ಯಾಲ ಹುಲ್ಲು ಕಲ್ಲು ಎರಡೂ ಜಾರ್ತಾವ, ಡಿಸೆಂಬರ್‌ನಾಗ ಕ್ಲಾಸ್ ಮುಗಿಸಿ ಹೊಂಟ್ರ ಇಳಿಯೂದ್ರಾಗ ಕತ್ತಲಿ. ಮ್ಯಾಲಿಂದ ಮನಿಗೆ ಫೋನ್ ಮಾಡಿದ್ರ ಅವ್ವಗ ಬರೇ ಗಾಳಿ ಸಪ್ಪಳ ಕೇಳ್ತಿತ್ತು, ಎಲ್ಲಿದ್ದೀಯವಾ, ಏನಾತು ಅಂತ ಗಾಬರಿ ಆಗ್ತಿದ್ಳು. ಶನಿವಾರ ಮುಂಜಾನೆ ನಾಕು ಮಂದಿ ಕೂಡಿ ಹತ್ತಾಕ ಇದರಂಥ ಜಾಗ ಇನ್ನೊಂದಿಲ್ಲ, ಒಬ್ರ ಕುಂತು ಅಳಾಕ ಅಲ್ಲ. ಪೊಲಾಕ್ ಹಾಲ್ಸ್ ಹಾಸ್ಟೆಲಿನಾಗ ರೂಮ್ ಸಿಕ್ಕವರಿಗೆ ಮಾತ್ರ ಬ್ಯಾರೆ ಮಾತು, ಅವರಿಗೆ ಗುಡ್ಡ ಬಾಗಿಲ ಮುಂದನೇ ಐತಿ, ತುದಿ ತನಕ ಹೋಗಬೇಕಂತೇನಿಲ್ಲ, ಬುಡಕ್ಕ ಒಂದು ಸುತ್ತು ಹಾಕಿದ್ರೂ ಜೀವಕ್ಕ ಹಿತ ಆಗತೈತಿ.

ಬೆಳಗಾವಿ ಗೆಳತಿಗೆ ಪೋರ್ಟೊಬೆಲ್ಲೊ. ಅಕಿ ಮಂದಿ ಚೋರ್ಲಾ ಘಾಟ್ ಇಳಿದ್ರ ಗೋವಾ, ಸಣ್ಣಾಕಿ ಇದ್ದಾಗಿಂದ ಸಮುದ್ರ ನೋಡಿ ರೂಢಿ, ಸಮುದ್ರ ಕಾಣದಿದ್ರ ಜೀವ ನಿಲ್ಲಂಗಿಲ್ಲ. ಊರ ನಡುವಿಂದ ಪೂರ್ವಕ್ಕ ಸುಮಾರು 5 ಕಿಲೋಮೀಟರ್, ಪ್ರಿನ್ಸಸ್ ಸ್ಟ್ರೀಟ್‌ದಾಗ 26 ನಂಬರ್ ಬಸ್ ಹತ್ತಿ ಇಳೀತಿದ್ವಿ, ಉಸುಕಿನ ದಂಡಿ ಉದ್ದಕ ಮೂರು ಕಿಲೋಮೀಟರ್ ತನಕ ಐತಿ, ಬಾಜೂಕ ನಡಿಯಾಕ ಕಟ್ಟಿದ ದಾರಿ. 1739ರಾಗ ಬ್ರಿಟಿಷರು ಪನಾಮಾದ ಪೋರ್ಟೊಬೆಲ್ಲೊ ಬಂದರು ಗೆದ್ದಾಗ ಆ ದಂಡಿನ್ಯಾಗ ಇದ್ದ ಒಬ್ಬಂವ ವಾಪಸ್ ಬಂದು ಇಲ್ಲಿ ಮನಿ ಕಟ್ಟಿ ಆ ಹೆಸರು ಇಟ್ಟಂತ, ಹೆಸರು ಊರಿಗೇ ಅಂಟಿಕೊಂತು. ನಮ್ಮ ಗೋವಾ ಸಮುದ್ರ ಮನಸಿನ್ಯಾಗ ಇಟಗೊಂಡು ಹೋಗಬ್ಯಾಡ್ರಿ, ನೀರು ಬ್ಯಾಸಗಿಯಾಗೂ ಕಾಲು ಜೋಮು ಹಿಡಿಯೂವಷ್ಟು ತಂಪು. ಒಮ್ಮೊಮ್ಮೆ ಬ್ಯಾಸಗಿ ದಿನದಾಗನ ಸಮುದ್ರದ ಕಡೆಯಿಂದ ಬೆಳ್ಳನ ಮಂಜು ಬಂದು ಎಲ್ಲಾ ಮುಚ್ಚಿಬಿಡತೈತಿ, ಅಲ್ಲಿಯವರು ಅದಕ್ಕ ಹಾರ್ ಅಂತಾರ, ಐದು ನಿಮಿಷದ ಹಿಂದ ಕಾಣ್ತಿದ್ದ ನೀರು ಈಗ ಕಾಣಂಗಿಲ್ಲ, ಬರೇ ತೆರಿ ಸಪ್ಪಳ. ಆ ಗೆಳತಿ ಹೇಳೂದು ಅದೇ ಅಕಿಗೆ ಎಲ್ಲಾದಕ್ಕಿಂತ ಸೇರೂದಂತ, ಏನೂ ಕಾಣದಾಗ ಮಾತಾಡೂದು ಸಲೀಸು ಅಂತ. ಮಸಲ್‌ಬರಾದ ಕ್ವೀನ್ ಮಾರ್ಗರೆಟ್ ಯುನಿವರ್ಸಿಟಿಗೆ ಹೋಗೂ ಹುಡುಗ್ರು ಬ್ಯಾರೆ ಎಲ್ಲೂ ಹುಡುಕಾಕ ಹೋಗಬ್ಯಾಡ್ರಿ, ಪೋರ್ಟೊಬೆಲ್ಲೊ ನಿಮಗ ಮಗ್ಗಲಕ್ಕ.

ಬೊಟಾನಿಕ್ ಗಾರ್ಡನ್ ಬಗ್ಗೆ ಭಾಳ ಹೇಳಂಗಿಲ್ಲ, ಚಂದ ಐತಿ, 1670ರಾಗ ಔಷಧಿ ಗಿಡ ಬೆಳಸಾಕ ಅಂತ ಶುರು ಆಗಿದ್ದು, ಅಂದ್ರ ನಮ್ಮ ಲಾಲ್‌ಬಾಗಿಗಿಂತ ಹಳೇದು, ಈಗ ಸುಮಾರು 70 ಎಕರೆ. ಹಿಮಾಲಯ ಚೀನಾ ಕಡೆಯಿಂದ ತಂದ ಗಿಡ ಭಾಳ ಅದಾವ, ಏಪ್ರಿಲ್ ಮೇ ತಿಂಗಳದಾಗ ರೋಡೊಡೆಂಡ್ರಾನ್ ಹೂವು ಬಿಟ್ಟಾಗ ನೋಡಬೇಕು, ಇನ್ವರ್ಲೀತ್ ಹೌಸ್ ಮುಂದಿನ ಹುಲ್ಲಿನ ಮ್ಯಾಲ ಕುಂತ್ರ ಇಡೀ ಹಳೇ ಊರು, ಕಿಲ್ಲೆ ಸಮೇತ ಸಾಲಾಗಿ ಕಾಣ್ತೈತಿ. ಡೆಸರ್ಟೇಷನ್ (ಕೋರ್ಸಿನ ಕಡೀಗೆ ಬರಿಯೂ ದೊಡ್ಡ ಪ್ರಬಂಧ) ಸಲುವಾಗಿ ಓದಾಕ ಮೇ ಜೂನ್‌ದಾಗ ಇದಕ್ಕಿಂತ ಶಾಂತ ಜಾಗ ಇಲ್ಲ. ಚಳಿಗಾಲದಾಗ ಮಾತ್ರ ನಾಕಕ್ಕ ಗೇಟ್ ಹಾಕ್ತಾರ, ನಮ್ಮ ಯುನಿವರ್ಸಿಟಿ ಇರೂ ಜಾರ್ಜ್ ಸ್ಕ್ವೇರಿಂದ ನಡಕೊಂಡ್ರ ಮುಕ್ಕಾಲು ತಾಸು, ಹೋಗಿ ಮುಟ್ಟೂದ್ರಾಗ ಹೊರಗ ಹೋಗ್ರಿ ಅಂತ ಸೀಟಿ ಊದೂ ಹೊತ್ತಾಗಿರ್ತೈತಿ.

ಮಳಿ ಬಂದ್ರ? ಅಲ್ಲಿ ಮಳಿ ನಮ್ಮ ಮುಂಗಾರಿನಂಗ ಹೊಡದು ಹೋಗೂದಲ್ಲ, ಸಣ್ಣಗ ಇಡೀ ದಿನ ಉದರ್ತಾನೇ ಇರತೈತಿ. ಅದಕ್ಕ ಚೇಂಬರ್ಸ್ ಸ್ಟ್ರೀಟ್‌ದಾಗಿನ ನ್ಯಾಷನಲ್ ಮ್ಯೂಸಿಯಂ. ಜಾರ್ಜ್ ಸ್ಕ್ವೇರಿಂದ ಏಳು ನಿಮಿಷ ನಡದ್ರ ಸಾಕು, ಮುಂಜಾನೆ 10ರಿಂದ ಸಂಜಿ 5ರ ತನಕ. ಒಳಗ ಗ್ರ್ಯಾಂಡ್ ಗ್ಯಾಲರಿ ಅಂತ ಐತಿ, ಬೆಳ್ಳನ ಕಬ್ಬಿಣದ ಸಪೂರ ಕಂಬ, ಮ್ಯಾಲ ಗಾಜಿನ ಚಾವಣಿ, ಹೊರಗ ಎಷ್ಟೇ ಮಬ್ಬು ಇದ್ರೂ ಒಳಗ ಬೆಳಕು ತುಂಬಿರ್ತೈತಿ, ನವೆಂಬರ್ ಡಿಸೆಂಬರ್‌ನಾಗ ಮೈಗೆ ಬೇಕಾಗಿದ್ದೇ ಅದು. 1996ರಾಗ ಹುಟ್ಟಿದ ಡಾಲಿ ಅನ್ನೂ ಕುರಿ, ಪೂರ್ತಿ ಬೆಳೆದ ಪ್ರಾಣಿಯ ಜೀವಕೋಶದಿಂದ ಕ್ಲೋನ್ ಮಾಡಿದ ಮೊದಲನೇ ಸಸ್ತನಿ, ಅದನ್ನ ಇಲ್ಲೇ ಗಾಜಿನ ಪೆಟ್ಟಿಗ್ಯಾಗ ನಿಲ್ಲಿಸ್ಯಾರ, ಕುರಿ ಸಾಕೂ ಮನಿಯಿಂದ ಬಂದ ನಮ್ಮ ಹುಡುಗ ಒಬ್ಬ ಅದರ ಮುಂದ ಅರ್ಧ ತಾಸು ನಿಂತಿದ್ದ. ಇಲ್ಲಿ ಒಂದು ಬೆಂಚ್ ಹಿಡದು ಕುಂತ್ರ ಯಾರೂ ಯಾಕ ಕುಂತೀರಿ ಅಂತ ಕೇಳಂಗಿಲ್ಲ, ಕಾಫಿ ತಗೊಳ್ಳಬೇಕಂತ ಇಲ್ಲ. ಕೆಫೆದಾಗ ಕುಂತ್ರ ಕಪ್ ಖಾಲಿ ಆದ ಮ್ಯಾಲ ಒಂಥರಾ ಸಂಕೋಚ ಆಗತೈತಿ, ಒಂದೊಂದು ಕಾಫಿಗೆ ಮೂರು ಪೌಂಡ್ ದಾಟತೈತಿ, ತಿಂಗಳ ಲೆಕ್ಕ ಹಾಕ್ರಿ. ಅದಕ್ಕ ಮೊದಲ ಚಳಿಗಾಲಕ್ಕ ಎಲ್ಲಾರೂ ಮ್ಯೂಸಿಯಂನ ಎರಡನೇ ಜಾಗ ಅಂತ ಇಟ್ಟಿರ್ರಿ, ಒಂದನೇದು ಯಾವುದೇ ಇರಲಿ.

ಮೆಡೋಸ್ ಬಯಲು ಲೈಬ್ರರಿ ಹಿಂದನೇ ಐತಿ, ಅದನ್ನ ಆರಿಸೂ ಜರೂರತ್ತಿಲ್ಲ, ದಿನಾ ದಾಟೇ ದಾಟ್ತೀರಿ. ಕ್ರ್ಯಾಮಂಡ್ ನಡುಗಡ್ಡಿಗೆ ನೀರು ಇಳದಾಗ ನಡಕೊಂಡು ಹೋಗಬಹುದು, ಮ್ಯಾಲ ನೀರು ಏರಿದ್ರ ದಾರಿ ಮುಳುಗಿ ಅಲ್ಲೇ ಸಿಕ್ಕೊಂತೀರಿ, ಹಂಗಾಗಿ ಉಬ್ಬರದ ಹೊತ್ತು ಅಲ್ಲಿ ಹಾಕಿದ ಬೋರ್ಡಿನಾಗ ನೋಡದ ಒಂದು ಹೆಜ್ಜಿನೂ ಇಡಬ್ಯಾಡ್ರಿ, ವರ್ಷಕ್ಕ ಒಮ್ಮೆ ಸಾಕು ಅದು. ಹೆರಿಯಟ್ ವ್ಯಾಟ್ ಯುನಿವರ್ಸಿಟಿ ಕಡೆ ಹೋಗೂವ್ರಿಗೆ ಇವೆಲ್ಲಾ ದೂರ, ಅವರು ವಾಟರ್ ಆಫ್ ಲೀತ್ ಹಳ್ಳದ ದಂಡಿ ಹಿಡೀರಿ, ಬಲೆರ್ನೊದಿಂದ ಲೀತ್ ಬಂದರಿನ ತನಕ ಸುಮಾರು 12 ಮೈಲು ಕಾಲುದಾರಿ ಐತಿ, ನಿಮಗ ಬೇಕಾದಷ್ಟು ನಡೀರಿ.

ಇನ್ನ ನನ್ನ ಜಾಗ. ಕಾಲ್ಟನ್ ಹಿಲ್.

ಡಿಸೆಂಬರ್ ಮೊದಲನೇ ವಾರ, ಒಂದು ಪ್ರಬಂಧ ಪೂರ್ತಿ ಮತ್ತ ಬರೀಬೇಕು ಅಂತ ವಾಪಸ್ ಬಂದಿತ್ತು, ಲೈಬ್ರರಿಯಿಂದ ಎದ್ದು ಹೊರಗ ಬಂದ್ನಿ, ಎಲ್ಲಿಗೆ ಅಂತ ಗೊತ್ತಿಲ್ಲ, ನಾರ್ತ್ ಬ್ರಿಡ್ಜ್ ದಾಟಿದ್ನಿ, ವಾಟರ್ಲೂ ಪ್ಲೇಸ್ ಅನ್ನೂ ರಸ್ತೆ ಬಾಜೂಕ ಪಾವಟಿಗಿ ಕಂಡ್ವು, ಹತ್ತಿದ್ನಿ. ಐದು ನಿಮಿಷದಾಗ ಗುಡ್ಡದ ಮ್ಯಾಲ. ಹತ್ತಿ ನೋಡಿದ್ರ ಎದುರಿಗೆ 12 ಕಂಬ, ದೊಡ್ಡು ದೊಡ್ಡು, ಹೊಗಿ ಹಿಡದ ಕಲ್ಲಿನವು, ಮ್ಯಾಲ ಒಂದು ಅಡ್ಡ ಕಲ್ಲಿನ ಸಾಲು ಬಿಟ್ರ ಏನಿಲ್ಲ, ಚಾವಣಿ ಇಲ್ಲ, ಹಿಂದ ಗ್ವಾಡಿ ಇಲ್ಲ, ಆಕಾಶ ಅಷ್ಟೇ. ನಾ ನಿಂತಲ್ಲೇ ನಿಂತ್ನಿ. ಬಾರಾಕಮಾನ!

ನಮ್ಮ ಬಾರಾಕಮಾನ ನೋಡಿದವ್ರಿಗೆ ನಾ ಹೇಳೂದು ತಿಳೀತೈತಿ. ಎರಡನೇ ಅಲಿ ಆದಿಲ್ ಶಾಹ ತನ್ನ ಸಮಾಧಿಗೆ ಅಂತ ಕಟ್ಟಿಸಾಕ ಹಿಡದಿದ್ದು, ಕರೀ ಕಲ್ಲಿನ ಕಮಾನು ಎದ್ದು ನಿಂತಾವ, ಮ್ಯಾಲಿನ ಗುಮ್ಮಟ ಬರಲೇ ಇಲ್ಲ. ಎಡಿನ್‌ಬರಾದ್ದು ನ್ಯಾಷನಲ್ ಮಾನ್ಯುಮೆಂಟ್, ನೆಪೋಲಿಯನ್ ಯುದ್ಧದಾಗ ಸತ್ತ ಸ್ಕಾಟ್ಲೆಂಡಿನ ಸೈನಿಕರ ನೆನಪಿಗೆ ಅಂತ ಅಥೆನ್ಸಿನ ಪಾರ್ಥೆನಾನ್ ಹಂಗ ಕಟ್ಟಬೇಕು ಅಂತ 1822ರಾಗ ಅಡಿಗಲ್ಲು ಹಾಕಿದ್ರು, 1826ಕ್ಕ ಕಟ್ಟಾಕ ಶುರು ಮಾಡಿದ್ರು, ಮಂದಿ ಕಡೆಯಿಂದ ಬರಬೇಕಾದ ರೊಕ್ಕ ಬರಲಿಲ್ಲ, 1829ಕ್ಕ ನಿಂತುಬಿಡ್ತು. ಎರಡು ನೂರು ವರ್ಷ ಆಗಾಕ ಬಂತು, ಹಂಗೇ ಐತಿ, ಊರು ಅದನ್ನ ಕೆಡವಿಲ್ಲ, ಮುಗಿಸಿನೂ ಇಲ್ಲ, ಮಂದಿ ಅದರ ಕಟ್ಟಿ ಮ್ಯಾಲ ಹತ್ತಿ ಕುಂಡ್ರತಾರ.

ಗಡಿಯಾರ ನೋಡಿದ್ರ ಮೂರೂವರಿಗೆ ಐದು ನಿಮಿಷ. ವಿಡಿಯೋ ಕಾಲ್ ಮಾಡಿದ್ನಿ. ಅವ್ವ ‘ಉಂಡೇನವಾ’ ಅಂತ ಶುರು ಮಾಡೂದ್ರಾಗ ‘ಅಜ್ಜಗ ಕೊಡು’ ಅಂದ್ನಿ. ನಮ್ಮಜ್ಜ ಬಾರಾಕಮಾನದ ಹತ್ರ ಮೂವತ್ತು ವರ್ಷ ಸೈಕಲ್ ಅಂಗಡಿ ಇಟ್ಟಂವ, ಪಂಕ್ಚರ್ ತಿದ್ದಕೋತ ಬಂದವರಿಗೆಲ್ಲಾ ಅದರ ಕತಿ ಹೇಳಾಂವ, ಇದು ಮುಗದಿದ್ರ ಇದರ ನೆರಳು ಗೋಳಗುಮ್ಮಟದ ಮ್ಯಾಲ ಬೀಳ್ತಿತ್ತಂತ ಅಂತ ಊರಾಗ ಎಲ್ಲಾರೂ ಹೇಳೂ ಕತಿ. ಫೋನ್ ತಿರುಗಿಸಿ ಕಂಬ ತೋರಿಸಿದ್ನಿ. ಅಜ್ಜ ಮಾತಾಡಲಿಲ್ಲ, ಚಷ್ಮಾ ತರಸಿಕೊಂಡ, ಒಂದೊಂದೇ ಎಣಿಸಿದ. ‘ಬಾರಾ ಅದಾವಲ್ಲವಾ’ ಅಂದ. ಹೂಂ ಅಜ್ಜ, ಹನ್ನೆರಡೇ. ‘ಅರ್ಧಕ್ಕ ಯಾಕ ಬಿಟ್ರಂತ?’ ‘ರೊಕ್ಕ ತೀರಿತಂತ ಅಜ್ಜ.’ ಸ್ವಲ್ಪ ಹೊತ್ತು ತಡದು, ‘ಆತ್ ಬಿಡು, ಅಲ್ಲೇ ಕುಂಡ್ರು, ಗಾಳಿ ಆ ಕಡೆಯಿಂದ ಬರಾಕತ್ತೈತಿ, ಕಂಬದ ಮರಿಗೆ ಸರಿ’ ಅಂದ. ಸರದ್ನಿ. ಖರೇನೇ ಗಾಳಿ ನಿಂತಿತು. ಎರಡು ತಿಂಗಳದಾಗ ಅವತ್ತು ಮೊದಲನೇ ಸಲ ಹೊಟ್ಟಿ ಹಸದಂಗ ಆತು.

ಆಮ್ಯಾಲ ಅದು ರೂಢಿ ಆತು, ವಾರದಾಗ ಮೂರು ನಾಕು ಸಲ, ಚೀಲದಾಗ ಅವ್ವ ಕಟ್ಟಿ ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಫ್ಲಾಸ್ಕಿನಾಗ ಚಹಾ. ಖಡಕ್ ರೊಟ್ಟಿ ಅಲ್ಲಿ ಚಳಿಗೆ ತಿಂಗಳಗಟ್ಟಲೆ ಕೆಡಂಗಿಲ್ಲ, ಬ್ಯಾಗಿನಾಗ ಜಾಗ ಮಾಡ್ಕೊಂಡು ಒಯ್ರಿ. ಭೋಗಿ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಲ್ಲೇ ಕುಂತು ತಿಂದೀನಿ.

ಬ್ಯಾರೆ ಜಾಗಕ್ಕ ಹೋಲಿಸಿದ್ರ ಕಾಲ್ಟನ್ ಹಿಲ್ಲಿಗೆ ಇರೂ ಮೇಲುಗೈ ಏನಂದ್ರ, ಬರೇ 103 ಮೀಟರ್, ಆರ್ಥರ್ಸ್ ಸೀಟಿನ ಅರ್ಧಾನೂ ಇಲ್ಲ, ಆದ್ರ ಮ್ಯಾಲಿಂದ ಆರ್ಥರ್ಸ್ ಸೀಟು, ಕಿಲ್ಲೆ, ಲೀತ್ ಕಡೆ ಸಮುದ್ರ ಮೂರೂ ಒಂದೇ ಕಡೆ ನಿಂತು ಕಾಣ್ತಾವ. ವೇವರ್ಲಿ ಸ್ಟೇಷನ್ ಹತ್ರ, ಜಾರ್ಜ್ ಸ್ಕ್ವೇರಿಂದ ಇಪ್ಪತ್ತೈದು ನಿಮಿಷ, ಗೇಟಿಲ್ಲ, ಟೈಮ್ ಇಲ್ಲ. ಬಾಜೂಕ ನೆಲ್ಸನ್ ಮಾನ್ಯುಮೆಂಟಿನ ತುದಿಗೆ ಒಂದು ದೊಡ್ಡ ಚೆಂಡು ಐತಿ, ಲೀತ್ ಬಂದರಿನ ಹಡಗಿನವರು ಗಡಿಯಾರ ಸರಿ ಮಾಡ್ಕೊಳ್ಳಲಿ ಅಂತ 1852ರಿಂದ ಮಧ್ಯಾಹ್ನ ಒಂದಕ್ಕ ಬೀಳಿಸಾಕ ಹಿಡದ್ರು, ಮಂಜು ಬಿದ್ದ ದಿನ ಚೆಂಡು ಕಾಣಂಗಿಲ್ಲಲ್ಲ, ಅದಕ್ಕ 1861ರಿಂದ ಕಿಲ್ಲೆಯಿಂದ ಒಂದು ತೋಪು ಹಾರಿಸಾಕ ಹಿಡದ್ರು. ನಮ್ಮ ಮಲಿಕ್-ಎ-ಮೈದಾನ್ ತೋಪು ಬುರುಜಿನ ಮ್ಯಾಲ ತಣ್ಣಗ ಮಲಗೈತಿ, ಅಲ್ಲಿದು ಇವತ್ತಿಗೂ ಐತವಾರ ಬಿಟ್ಟು ಸರಿಯಾಗಿ ಒಂದಕ್ಕ ಸಿಡೀತೈತಿ, ಮೊದಲನೇ ಸಲ ಕೇಳಿದಾಗ ಎದಿ ಝಲ್ ಅಂತೈತಿ, ಗಾಬರಿ ಆಗಬ್ಯಾಡ್ರಿ.

ಬಾಗಲಕೋಟಿ ಕಡೆಯವ್ರಿಗೆ ಇನ್ನೊಂದು ಮಾತು. ಏಪ್ರಿಲ್ 30ರ ರಾತ್ರಿ ಇದೇ ಗುಡ್ಡದ ಮ್ಯಾಲ ಬೆಲ್ಟೇನ್ ಅಂತ ಬೆಂಕಿ ಹಬ್ಬ ಮಾಡ್ತಾರ, ಹಳೇ ಪದ್ಧತಿನ 1988ರಿಂದ ಮತ್ತ ಶುರು ಮಾಡ್ಯಾರ, ಹಲಗಿ, ಪಂಜು, ಮೈಗೆಲ್ಲಾ ಬಣ್ಣ, ಹೊಸ ಬ್ಯಾಸಗಿ ಕರಿಯೂದು. ಅದಕ್ಕ ಮಾತ್ರ ಟಿಕೆಟ್ ಐತಿ. ಬಾಗಲಕೋಟಿ ಹೋಳಿ ನೋಡಿದವರಿಗೆ ಆ ಹಲಗಿ ಸಪ್ಪಳ ಕಿವಿಗೆ ಬಿದ್ರ ಕಾಲು ನಿಲ್ಲಂಗಿಲ್ಲ, ಟಿಕೆಟ್ ಮೊದ್ಲೇ ತಗೋರಿ.

ಕೊರತಿನೂ ಹೇಳ್ತೀನಿ. ಮಳಿಗೆ ಮರಿ ಇಲ್ಲ. ಆಗಸ್ಟಿನಾಗ ಊರಿನ ನಾಟಕ ಸಂಗೀತದ ಫೆಸ್ಟಿವಲ್ಲಿಗೆ ಬಂದ ಮಂದಿ ತುಂಬಿರ್ತಾರ, ಕುಂಡ್ರಾಕ ಜಾಗ ಸಿಗಂಗಿಲ್ಲ, ಡೆಸರ್ಟೇಷನ್ ಕಡೀ ದಿನಗಳದಾಗ ನಾ ಅಲ್ಲಿ ಹೋಗೂದು ಬಿಟ್ಟು ಬೊಟಾನಿಕ್ಸಿಗೆ ಹೋಗ್ತಿದ್ನಿ. ಕಂಬದ ಕಟ್ಟಿ ಎತ್ತರ ಐತಿ, ಹತ್ತಾಕ ಯಾರರ ಕೈ ಕೊಡಬೇಕಾಗತೈತಿ, ತಂಪು ಕಲ್ಲಿನ ಮ್ಯಾಲ ಹಂಗೇ ಕುಂಡ್ರಬ್ಯಾಡ್ರಿ, ಮಡಚೂ ಚಾಪಿ ಇಟಗೋರಿ. ಕತ್ತಲಾದ ಮ್ಯಾಲ ಒಬ್ಬಂಟಿ, ಅದರಾಗೂ ಹೆಣ್ಣಮಕ್ಕಳು, ಅಲ್ಲಿ ಉಳಿಯೂದು ಬ್ಯಾಡ, ಬೀದಿದೀಪ ಹತ್ತಿದ ಕೂಡ್ಲೇ ಫೋನಿನಾಗ ಮಾತಾಡಕೋತ ಇಳದು ರಸ್ತೆಗೆ ಬಂದುಬಿಡ್ರಿ, ನಾ ಹಂಗೇ ಮಾಡ್ತಿದ್ನಿ.

ಹಂಗಾಗಿ ಇಂಡಿ ಹುಡುಗ, ನಿನ್ನ ರೂಮ್ ಲೀತ್ ವಾಕ್ ಕಡೆ ಅಂದಿದ್ದಿ, ನಿನಗ ಕಾಲ್ಟನ್ ಹಿಲ್ಲೇ, ಹತ್ತು ಹದಿನೈದು ನಿಮಿಷ. ಜಮಖಂಡಿ ತಂಗಿ, ನೀ ನ್ಯೂಯಿಂಗ್ಟನ್ ಕಡೆ ಇರಾಕಿ, ಹೋಲಿರೂಡ್ ಪಾರ್ಕಿನ ಬುಡ ಹಿಡಿ, ಮಳಿಗೆ ಮ್ಯೂಸಿಯಂ, ಐತವಾರ ಮನಸ್ಸಾದ್ರ ಪೋರ್ಟೊಬೆಲ್ಲೊ. ಎಲ್ಲಾ ಒಂದೊಂದು ಸಲ ಹೋಗಿ ನೋಡ್ರಿ, ಸೆಪ್ಟೆಂಬರ್‌ನಾಗೇ ನೋಡ್ರಿ, ಬೆಳಕು ಇದ್ದಾಗ, ಮನಸ್ಸು ನೆಟ್ಟಗ ಇದ್ದಾಗ. ನವೆಂಬರ್ ತನಕ ಕಾಯ್ದ್ರ ಹುಡುಕೂ ಚೈತನ್ಯನೇ ಉಳಿಯಂಗಿಲ್ಲ, ನಾ ಸಿಕ್ಕಂಗ ನಿಮಗೂ ಅಕಸ್ಮಾತ್ ಸಿಗತೈತಿ ಅಂತ ಏನ್ ಗ್ಯಾರಂಟಿ.

ಮತ್ತ ಯಾರೇ ಕಾಲ್ಟನ್ ಹಿಲ್ ಹತ್ತಿದ್ರೂ ನಮ್ಮ ಟೈಮ್ ರಾತ್ರಿ ಒಂಬತ್ತಕ್ಕ ಒಂದು ವಿಡಿಯೋ ಕಾಲ್ ಮಾಡ್ರಿ. ನಾ ಊರಿಗೆ ವಾಪಸ್ ಬಂದು ಇಷ್ಟ್ ದಿನ ಆದ್ರೂ ಅಜ್ಜ ಇನ್ನೂ ಕೇಳ್ತಾನ, ಆ ಹನ್ನೆರಡು ಕಂಬಕ್ಕ ಮ್ಯಾಲೇನರ ಹಾಕಿದ್ರೋ ಇಲ್ಲೋ ಅಂತ.